ರಾತ್ರಿ ಮಾತ್ರ ಹಳದಿ ದೀಪ, ಫ್ಲೋ ಸರಿಯಾಗಿದೆ: ಆಕ್ಸಿಜನ್ ಕಾನ್ಸಂಟ್ರೇಟರ್ ಸಮಸ್ಯೆ

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಮನೆಯಲ್ಲಿ ನಿಮಿಷಕ್ಕೆ 5 ಲೀಟರಿನವರೆಗೆ ಕೊಡುವ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಮೆಷಿನ್) ಇಟ್ಟಿದ್ದೇವೆ, ಬಾಡಿಗೆಯದು. ಡಾಕ್ಟರ್ ಹೇಳಿರುವುದು ಹಗಲು 2 ಲೀಟರ್, ಮಲಗುವಾಗ 3 ಲೀಟರ್. ಹಗಲೆಲ್ಲ ಹಸಿರು ದೀಪ ಇರುತ್ತದೆ. ರಾತ್ರಿ ಸ್ವಲ್ಪ ಹೊತ್ತಿಗೆ ಹಳದಿಯಾಗುತ್ತದೆ, ಬೆಳಗಿನವರೆಗೂ ಹಾಗೇ. ಫ್ಲೋಮೀಟರಿನ ಗುಂಡು ಕರೆಕ್ಟಾಗಿ 3ರ ಮೇಲೇ ನಿಂತಿರುತ್ತದೆ. ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿಯಲ್ಲಿ ಗುಳ್ಳೆ ಚೆನ್ನಾಗಿ ಬರುತ್ತದೆ. ಆದರೂ ಬೆರಳಿನ ಮೀಟರಿನಲ್ಲಿ ಅಪ್ಪನ ರಕ್ತದ ಆಕ್ಸಿಜನ್ ಮಟ್ಟ ಹಗಲಲ್ಲೂ ಮೊದಲಿನಷ್ಟು ಇಲ್ಲ. ಫೋಮ್ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಒಣಗಿಸಿಯೇ ಹಾಕುತ್ತೇವೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ರಾತ್ರಿಪಾಳಿ:
ಮೆಷಿನ್ ವಿಷಯ ಆಮೇಲೆ. ಮೊದಲು ಅಪ್ಪನ ವಿಷಯ. ಆಕ್ಸಿಜನ್ ಮಟ್ಟ ಎಷ್ಟಕ್ಕಿಂತ ಇಳಿಯಬಾರದು ಅಂತ ಡಾಕ್ಟರ್ ಹೇಳಿದ್ದಾರಾ? ಸಿಒಪಿಡಿ ಇರುವವರಿಗೆ ಸಾಮಾನ್ಯವಾಗಿ ಶೇಕಡಾ 88ರಿಂದ 92ರ ನಡುವೆ ಇಟ್ಟುಕೊಳ್ಳಲು ಹೇಳುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ ಅಂಕಿಯೇ ನಿಮಗೆ ಲೆಕ್ಕ. ಅದಕ್ಕಿಂತ ಇಳಿದು ಮೇಲೇರದಿದ್ದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು. ಹಳದಿ ದೀಪ ಬಂತು ಅಂತ ನೀವಾಗಿಯೇ ಫ್ಲೋ ಏರಿಸಬೇಡಿ. ಈ ಕಾಯಿಲೆಯಲ್ಲಿ ಆಕ್ಸಿಜನ್ ಅತಿಯಾದರೆ ಕೆಲವರಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಮಂಪರು ಹತ್ತುತ್ತದೆ. ನೋಡುವವರಿಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಅಷ್ಟೇ.

ಕಿಟಕಿಪಕ್ಕ:
88ರ ಕೆಳಗೆ ಹೋಗಬಾರದು ಅಂದಿದ್ದಾರೆ. ಈಗ 88, 89ರ ಆಸುಪಾಸು ಓಡಾಡುತ್ತಿದೆ. ಮೊದಲು 91 ಇರುತ್ತಿತ್ತು. ಮಾತು, ಊಟ ಎಲ್ಲ ಎಂದಿನಂತೆ ಇದೆ. ಡಾಕ್ಟರಿಗೆ ಫೋನ್ ಮಾಡಿ ಹೇಳಿದ್ದೇವೆ, ಮೆಷಿನ್ ಪರೀಕ್ಷೆ ಮಾಡಿಸಿ ಅಂದರು. ಸಿಲಿಂಡರ್ ಒಂದು ತುಂಬಿಸಿ ಇಟ್ಟಿದ್ದೇವೆ.

ಹಳೇಫ್ಯೂಸ್:
ಸಿಲಿಂಡರ್ ಇರುವುದು ಒಳ್ಳೆಯದಾಯಿತು. ಅದಿಲ್ಲದೆ ಪರೀಕ್ಷೆ ಮಾಡಿ ಅಂತ ನಾನು ಹೇಳುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಮೂರು ಸೂಚನೆಗಳಿವೆ: ದೀಪ, ಗುಂಡು, ಬೆರಳಿಗೆ ಹಾಕುವ ಮೀಟರ್. ಮೂರೂ ಬೇರೆ ಬೇರೆ ವಿಷಯ ಹೇಳುತ್ತವೆ. ಗುಂಡು ಹೇಳುವುದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹೊರಟಿದೆ ಅಂತ ಮಾತ್ರ. ಅದರಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದು ಗುಂಡಿಗೆ ಗೊತ್ತಿಲ್ಲ. ಅದನ್ನು ನೋಡುವುದು ಒಳಗಿನ ಸೆನ್ಸರ್, ಅದರದ್ದೇ ದೀಪ: ಸಾಕಷ್ಟಿದ್ದರೆ ಹಸಿರು, ಕಡಿಮೆಯಾದರೆ ಹಳದಿ. ಆದರೆ ಈ ಎರಡೂ ಬಾಟಲಿಗಿಂತ ಮುಂಚೆಯೇ ಮುಗಿದುಹೋಗುತ್ತವೆ. ಬಾಟಲಿಯಿಂದ ಮೂಗಿನವರೆಗಿನ ದಾರಿಯಲ್ಲಿ ಸೋರಿದರೆ ದೀಪ ಹಸಿರೇ, ಗುಂಡೂ ಜಾಗದಲ್ಲೇ. ಬೆರಳಿನ ಮೀಟರ್ ಮಾತ್ರ ಇಳಿಯುತ್ತದೆ.

ಹಗಲು ಹಸಿರು ದೀಪ ಇದ್ದೂ ಅಪ್ಪನ ಮಟ್ಟ ಕಡಿಮೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಹೀಗೆ ನೋಡಿ. ಒಂದು ಲೋಟ ನೀರಿನಲ್ಲಿ ಕ್ಯಾನುಲಾದ (ಮೂಗಿಗೆ ಹಾಕುವ ಪೈಪಿನ) ತುದಿ ಅದ್ದಿ. 2 ಲೀಟರಿಗೆ ಗುಳ್ಳೆ ಬುಳುಬುಳು ಅಂತ ಜೋರಾಗಿ ಏಳಬೇಕು. ಆಮೇಲೆ ಬಾಟಲಿಯಿಂದ ಹೊರಡುವ ಪೈಪನ್ನು ಬುಡದಲ್ಲೇ ಬೆರಳಿನಿಂದ ಮಡಚಿ ಒತ್ತಿ ಹಿಡಿಯಿರಿ. ಹೆಚ್ಚಿನ ಬಾಟಲಿಗಳ ಮುಚ್ಚಳದಲ್ಲಿ ಒತ್ತಡ ಬಿಡುವ ಸಣ್ಣ ವಾಲ್ವ್ ಇರುತ್ತದೆ, ಅದು ಸಿಳ್ಳೆ ಹೊಡೆಯಬೇಕು. ಸಿಳ್ಳೆ ಬರದಿದ್ದರೆ ಗಾಳಿ ಬೇರೆಲ್ಲೋ ನುಸುಳುತ್ತಿದೆ.

ಕಿಟಕಿಪಕ್ಕ:
ಸಿಳ್ಳೆ ಬರಲಿಲ್ಲ! ಲೋಟದಲ್ಲೂ ಗುಳ್ಳೆ ಮಂದ. ಮುಚ್ಚಳದ ಸುತ್ತ ಒದ್ದೆ ಬೆರಳು ಇಟ್ಟರೆ ತಣ್ಣಗೆ ಗಾಳಿ ತಾಗುತ್ತದೆ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಒಂದು ಕಡೆ ಬಿರುಕು ಬಿಟ್ಟಿದೆ. ಆದರೆ ಬಾಟಲಿಯೊಳಗೆ ಅಷ್ಟು ಚೆನ್ನಾಗಿ ಗುಳ್ಳೆ ಬರುತ್ತಿತ್ತಲ್ಲ?

ಹಳೇಫ್ಯೂಸ್:
ಬರುತ್ತದೆ. ಗಾಳಿ ಮೊದಲು ನೀರಿನ ತಳಕ್ಕೆ ಇಳಿದು ಗುಳ್ಳೆಯಾಗಿ ಮೇಲೆ ಬರುತ್ತದೆ. ಮುಚ್ಚಳ ಸೋರುವುದು ಅದಾದ ಮೇಲೆ. ಹಾಗಾಗಿ ಬಾಟಲಿಯ ಗುಳ್ಳೆ ನಂಬುವ ಹಾಗಿಲ್ಲ, ಲೋಟದ ಗುಳ್ಳೆ ನಂಬಿ. ವಾಷರ್‌ಗೆ ಎಣ್ಣೆ, ಗ್ರೀಸ್ ಏನೂ ಸವರಬೇಡಿ. ಆಕ್ಸಿಜನ್ ಇರುವ ಕಡೆ ಎಣ್ಣೆ ಜಿಡ್ಡು ಅಂದರೆ ಬೆಂಕಿಗೆ ಕರೆ ಕೊಟ್ಟ ಹಾಗೆ. ಬಾಟಲಿಯನ್ನೇ ಬದಲಾಯಿಸಿ, ಸುಲಭ.

ರಾತ್ರಿಪಾಳಿ:
ಎಣ್ಣೆ ಮಾತು ಬಂತಲ್ಲ, ಮೂಗು ಒಣಗುತ್ತದೆ ಅಂತ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದೂ ಬೇಡ. ನೀರಿನಂಶದ ಜೆಲ್ ಸಿಗುತ್ತದೆ, ಅದನ್ನು ಬಳಸಿ. ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಉಳಿದ ನೀರಿನ ಮೇಲೇ ಹೊಸದು ಸುರಿಯಬೇಡಿ, ದಿನಾ ಚೆಲ್ಲಿ ತೊಳೆದು ತುಂಬಿಸಿ.

ಸುಮ್ನೆ ಓದುಗ:
ರಾತ್ರಿ ಮಾತ್ರ ಹಳದಿ ಅಂದರೆ ನನ್ನ ಓಟು ವೋಲ್ಟೇಜಿಗೆ. ನಮ್ಮಲ್ಲಿ ರಾತ್ರಿ ಎಲ್ಲರ ಮನೆಯಲ್ಲೂ ಎಸಿ ಓಡುವಾಗ ಲೈಟೇ ಮಂಕಾಗುತ್ತದೆ. ಸ್ಟೆಬಿಲೈಜರ್ ಹಾಕಿ. ಇಲ್ಲಾಂದ್ರೆ ಮೆಷಿನ್ ಪರದೆ ಪಕ್ಕ ಇದೆಯಾ ನೋಡಿ, ಗಾಳಿ ಸಿಗದೆ ಬಿಸಿಯಾಗಿರಬಹುದು.

ಕಿಟಕಿಪಕ್ಕ:
ಹೊಸ ಬಾಟಲಿ ಹಾಕಿದೆವು. ಸಿಳ್ಳೆ ಜೋರಾಗಿ ಬಂತು. ಅಪ್ಪನ ಮಟ್ಟ ಹಗಲಲ್ಲಿ ಮತ್ತೆ 91ಕ್ಕೆ ಬಂದಿದೆ. ಅರ್ಧ ತಲೆನೋವು ಕಡಿಮೆಯಾಯಿತು. ಆದರೆ ರಾತ್ರಿಯ ಹಳದಿ ಹಾಗೇ ಇದೆ. ಮೆಷಿನ್ ಗೋಡೆಯಿಂದ ದೂರ ಇದೆ, ಪರದೆ ಇಲ್ಲ. ನೇರ ಪ್ಲಗ್, ಎಕ್ಸ್‌ಟೆನ್ಶನ್ ಇಲ್ಲ. ವೋಲ್ಟೇಜ್ ಅಳೆದಿಲ್ಲ.

ಹಳೇಫ್ಯೂಸ್:
ವೋಲ್ಟೇಜ್ ಇರಬಹುದು, ತಳ್ಳಿಹಾಕುವುದಿಲ್ಲ. ಕಡಿಮೆಯಾದರೆ ಕಂಪ್ರೆಸರ್ ಸೋಲುತ್ತದೆ, ಒತ್ತಡ ಏರುವುದಿಲ್ಲ. ಆದರೆ ರಾತ್ರಿ ಬದಲಾಗುವುದು ವೋಲ್ಟೇಜ್ ಒಂದೇ ಅಲ್ಲ. ನೀವೇ ಬರೆದಿದ್ದೀರಿ: ಹಗಲು 2, ರಾತ್ರಿ 3.

ಈ ಮೆಷಿನ್ ಆಕ್ಸಿಜನ್ ತಯಾರಿಸುವುದಿಲ್ಲ, ಸೋಸುತ್ತದೆ. ಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್. ಒಳಗೆ ಜಿಯೋಲೈಟ್ ಎಂಬ ಸಣ್ಣ ಸಣ್ಣ ಕಾಳು ತುಂಬಿದ ಎರಡು ಸಿಲಿಂಡರ್ ಇರುತ್ತವೆ, ಸೀವ್ ಬೆಡ್ ಅನ್ನುತ್ತೇವೆ. ಕಂಪ್ರೆಸರ್ ಒಂದಕ್ಕೆ ಗಾಳಿ ಒತ್ತಿದಾಗ ಕಾಳುಗಳು ನೈಟ್ರೋಜನ್ ಹಿಡಿದುಕೊಳ್ಳುತ್ತವೆ, ಆಕ್ಸಿಜನ್ ಮುಂದೆ ಸಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಒತ್ತಡ ಬಿಟ್ಟು ತಾನು ಹಿಡಿದ ನೈಟ್ರೋಜನ್ ಉಗುಳುತ್ತದೆ. ಆಗಾಗ ಬುಸ್ ಅನ್ನುವ ಸದ್ದು ಅದೇ. ಆರೋಗ್ಯವಾಗಿರುವ ಮೆಷಿನ್ ಶೇಕಡಾ 95ರ ಹತ್ತಿರ ಆಕ್ಸಿಜನ್ ಕೊಡುತ್ತದೆ. ನೂರಕ್ಕೆ ಹೋಗದು, ಏಕೆಂದರೆ ಗಾಳಿಯಲ್ಲಿರುವ ಆರ್ಗಾನ್ ಆಕ್ಸಿಜನ್ ಜೊತೆಗೇ ನುಸುಳಿಬಿಡುತ್ತದೆ.

ಈಗ ಆ ಕಾಳುಗಳು ದಣಿದಿವೆ ಅಂದುಕೊಳ್ಳಿ. 2 ಲೀಟರ್ ಕೇಳಿದರೆ ಹೇಗೋ ಸೋಸಿ ಕೊಡುತ್ತವೆ. 3 ಕೇಳಿದರೆ ನೈಟ್ರೋಜನ್ ತಪ್ಪಿಸಿಕೊಂಡು ಬರುತ್ತದೆ. ಅಂದರೆ ಇಂಥ ಮೆಷಿನ್‌ನಲ್ಲಿ ಫ್ಲೋ ಏರಿಸಿದಷ್ಟೂ ಆಕ್ಸಿಜನ್ ತೆಳುವಾಗುತ್ತದೆ. ಹಳದಿ ಕಂಡು ಗುಬುಟು ತಿರುಗಿಸುವವರು ನೆನಪಿಡಬೇಕಾದ್ದು ಇದು.

ಪರೀಕ್ಷೆ ಸುಲಭ. ಹಗಲು ಅಪ್ಪನನ್ನು ಸ್ವಲ್ಪ ಹೊತ್ತು ಸಿಲಿಂಡರ್‌ಗೆ ಹಾಕಿ, ಅದೇ 2 ಲೀಟರ್. ಮೆಷಿನ್ ಅನ್ನು ಖಾಲಿಯಾಗಿ 3ಕ್ಕೆ ಇಟ್ಟು ಓಡಲು ಬಿಡಿ. ಆನ್ ಮಾಡಿದ ಹೊಸದರಲ್ಲಿ ಹಳದಿ ಇದ್ದರೆ ಲೆಕ್ಕಕ್ಕಿಲ್ಲ, ಯಾವ ಮೆಷಿನ್ನಿಗೂ ಮಟ್ಟ ಹಿಡಿಯಲು ಕೆಲವು ನಿಮಿಷ ಬೇಕು. ಅರ್ಧ ಗಂಟೆ ಕಳೆದ ಮೇಲೂ ಹಳದಿ ಬಂದರೆ ರಾತ್ರಿಯನ್ನು ದೂರುವುದು ಬಿಡಿ.

ಕಿಟಕಿಪಕ್ಕ:
ಮಾಡಿದೆವು. ಮಧ್ಯಾಹ್ನ 3 ಲೀಟರಿಗೂ ಹಳದಿ ಬಂತು. 2ಕ್ಕೆ ಇಳಿಸಿದ ಮೇಲೆ ಮೆಲ್ಲಗೆ ಹಸಿರಾಯಿತು. ಮಧ್ಯಾಹ್ನ ವೋಲ್ಟೇಜ್ ಅಳೆದೆ, ಸರಿಯಾಗಿಯೇ ಇತ್ತು.

ತಿರುಪುಳಿ:
ಕಾಳುಗಳಿಗೆ ತೇವ ಹಿಡಿದಿರಬೇಕು. ಬಿಚ್ಚಿ ಓವನ್‌ನಲ್ಲಿ ಒಣಗಿಸಿದರೆ ಸರಿಹೋಗುತ್ತದೆ ಅಂತ ವಿಡಿಯೋ ನೋಡಿದ್ದೆ.

ಹಳೇಫ್ಯೂಸ್:
ತೇವ ಅನ್ನುವುದು ಸರಿ ಇರಬಹುದು. ಜಿಯೋಲೈಟ್‌ಗೆ ನೈಟ್ರೋಜನ್‌ಗಿಂತ ನೀರಿನ ಮೇಲೆ ಆಸೆ ಜಾಸ್ತಿ. ನೀರು ಒಮ್ಮೆ ಕೂತರೆ ಏಳುವುದಿಲ್ಲ, ಆ ಜಾಗದಲ್ಲಿ ನೈಟ್ರೋಜನ್ ಕೂರುವುದಿಲ್ಲ. ಅದನ್ನು ಓಡಿಸಲು ಸುಮಾರು 300 ಡಿಗ್ರಿ ಶಾಖ ಬೇಕು, ಅಡುಗೆಮನೆ ಓವನ್ ಅಲ್ಲಿಗೆ ಮುಟ್ಟುವುದಿಲ್ಲ. ಒಣಗಿಸಿ ಹೊರತೆಗೆದ ಕೂಡಲೇ ಗಾಳಿಯ ತೇವ ಮತ್ತೆ ಕುಡಿಯುತ್ತದೆ. ಕಾಳು ಪುಡಿಯಾದರೆ ಧೂಳು ವಾಲ್ವ್‌ಗಳಿಗೆ ಹೋಗುತ್ತದೆ. ಬೇರೆ ಆಟಿಕೆಗಳ ಮೇಲೆ ಪ್ರಯೋಗ ಮಾಡಿ ತಿರುಪುಳಿ, ಇದು ಒಬ್ಬರ ಉಸಿರಿನ ವಿಷಯ.

ಕಿಟಕಿಪಕ್ಕ, ಬಾಡಿಗೆ ಕೊಟ್ಟವರನ್ನು ಕರೆಸಿ. ಆಕ್ಸಿಜನ್ ಅನಲೈಸರ್ (ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ಅಳೆಯುವ ಸಾಧನ) ತರಲು ಹೇಳಿ. ಬಾಟಲಿ ತೆಗೆದು, ಮೆಷಿನ್ ಬಾಯಿಗೇ ನೇರ ಹಾಕಿ, 2, 3, 5 ಮೂರರಲ್ಲೂ ಅಳೆಯಲಿ. ನಿಮ್ಮ ಮುಂದೆಯೇ ಅಳೆಯಲಿ. ಒಳಗಿನ ಇನ್‌ಟೇಕ್ ಫಿಲ್ಟರನ್ನೂ ತೋರಿಸಲಿ. ಅದು ನೀವು ತೊಳೆಯುವ ಫೋಮ್ ಅಲ್ಲ, ಒಳಗಡೆ ಇರುತ್ತದೆ, ತೊಳೆಯುವಂಥದ್ದಲ್ಲ, ಬದಲಾಯಿಸುವುದು. ಅದು ಕಟ್ಟಿದ್ದರೂ ಇದೇ ಲಕ್ಷಣ. ಸುಮ್ನೆ ಸೀವ್ ಬೆಡ್ ಮೇಲೆ ಗೂಬೆ ಕೂರಿಸುವುದು ಬೇಡ.

ಮಂಜುಹನಿ:
ನಡುವೆ ಒಂದು ಪ್ರಶ್ನೆ. ನಮ್ಮಮ್ಮನ ಪೈಪಿನೊಳಗೆ ನೀರಿನ ಹನಿ ನಿಲ್ಲುತ್ತದೆ, ಮೂಗಿಗೇ ಬರುತ್ತದೆ. ಏನು ಮಾಡಲಿ?

ರಾತ್ರಿಪಾಳಿ:
ಬಾಟಲಿಯ ಮೇಲಿನ ಗೆರೆ ದಾಟಿ ನೀರು ತುಂಬಬೇಡಿ. ಪೈಪ್ ತಣ್ಣನೆಯ ನೆಲದ ಮೇಲೆ, ಎಸಿ ಗಾಳಿ ಬೀಳುವ ಕಡೆ ಹಾಯದಿರಲಿ. ಅಮ್ಮನಿಗೆ 1, 2 ಲೀಟರ್ ಅಷ್ಟೇ ಆಗಿದ್ದರೆ ಬಾಟಲಿ ಬೇಕೇ ಬೇಕಾ ಅಂತ ಡಾಕ್ಟರನ್ನು ಕೇಳಿ. ಕಡಿಮೆ ಫ್ಲೋಗೆ ಎಷ್ಟೋ ಜನರಿಗೆ ಅದು ಬೇಕಾಗುವುದಿಲ್ಲ.

ಕಿಟಕಿಪಕ್ಕ:
ಬಂದು ಅಳೆದರು. 2 ಲೀಟರಿಗೆ 90, 3ಕ್ಕೆ 81, 5ಕ್ಕೆ 70. ಒಳಗಿನ ಫಿಲ್ಟರ್ ಬೂದಿಬಣ್ಣಕ್ಕೆ ತಿರುಗಿತ್ತು. ಹೊಸದು ಹಾಕಿ ಮತ್ತೆ ಅಳೆದಾಗ 3ಕ್ಕೆ 82, ಅಷ್ಟೇ ವ್ಯತ್ಯಾಸ. ಸೀವ್ ಬೆಡ್ಡೇ ಹೋಗಿದೆ ಅಂದರು. ಕೆದಕಿ ಕೇಳಿದಾಗ ಗೊತ್ತಾಯಿತು, ನಮಗೆ ಕೊಡುವ ಮುಂಚೆ ಮೆಷಿನ್ ಇಡೀ ಮಳೆಗಾಲ ಗೋದಾಮಿನಲ್ಲಿ ಸುಮ್ನೆ ಕೂತಿತ್ತಂತೆ. ಬೇರೆ ಮೆಷಿನ್ ಕೊಟ್ಟಿದ್ದಾರೆ. ಅದನ್ನೂ ನನ್ನ ಮುಂದೆಯೇ ಅಳೆಸಿದೆ. 3ಕ್ಕೆ 94, 5ಕ್ಕೆ 93. ರಾತ್ರಿಯಿಡೀ ಹಸಿರು. ಅಂಕಿಗಳನ್ನು ಡಾಕ್ಟರಿಗೂ ಕಳಿಸಿದ್ದೇನೆ.

ಈಗ ಒಂದೇ ಅನುಮಾನ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಮೆಷಿನ್ ಬಳಸದೆ ಬಿದ್ದಿದೆ. ಅದನ್ನು ಹೇಗೆ ಉಳಿಸಿಕೊಳ್ಳುವುದು?

ಹಳೇಫ್ಯೂಸ್:
ಹಳೆಯದಕ್ಕೆ 5ರಲ್ಲಿ 70 ಅಂದರೆ ಇನ್ನೇನೂ ಅನುಮಾನ ಉಳಿಯಲಿಲ್ಲ.

ಚಿಕ್ಕಪ್ಪನ ಮೆಷಿನ್ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಾಟಲಿಯ ನೀರು ಚೆಲ್ಲಿ ಬಿಡಿಸಿ ಒಣಗಿಸಿಡಿ. ಕೆಲವು ವಾರಕ್ಕೊಮ್ಮೆ ಒಂದಷ್ಟು ಹೊತ್ತು ಓಡಿಸಿ, ಎಷ್ಟು ಹೊತ್ತು ಅಂತ ಅದರ ಕೈಪಿಡಿಯಲ್ಲೇ ಇರುತ್ತದೆ. ಓಡಿಸುವಾಗ ಬಾಟಲಿ ಬೇಡ, ಕಿಟಕಿ ತೆರೆದಿರಲಿ, ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಸಿಗರೇಟು ಯಾವುದೂ ಬೇಡ. ಮತ್ತೆ ಯಾರಿಗಾದರೂ ಹಾಕುವ ಮುಂಚೆ ಅನಲೈಸರ್ ಹಿಡಿಸಿ. ಬರೀ ಹಸಿರು ದೀಪ ನೋಡಿ ಹಾಕಬೇಡಿ, ಕೆಲವು ಹಳೆಯ ಮಾದರಿಗಳಲ್ಲಿ ಆಕ್ಸಿಜನ್ ಸೆನ್ಸರೇ ಇರುವುದಿಲ್ಲ. ಅವುಗಳ ಹಸಿರಿಗೆ ಕರೆಂಟ್ ಬಂದಿದೆ ಅನ್ನುವುದಷ್ಟೇ ಅರ್ಥ.