ಅಪ್‌ಡೇಟ್: ಟರ್ಬೊ ಕಾರಿನ ಪವರ್ ವಾಪಸ್ ಬಂತು

ಹೋದ ವಾರ ಕೇಳಿದ್ದೆ ಅಲ್ವಾ, ನನ್ನ 2 ಲೀಟರ್ ಟರ್ಬೊ ಪೆಟ್ರೋಲ್ ಕಾರು 3,000 ಆರ್‌ಪಿಎಂ ದಾಟಿದರೆ ಎಳೆಯುತ್ತಿಲ್ಲ, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು) ಮಾಡಿಸಲಾ ಅಂತ? ಈಗ ಸರಿಹೋಗಿದೆ.

"ರೀಮ್ಯಾಪ್ ಆಮೇಲೆ, ಮೊದಲು ಗಾಳಿ ಸೋರಿಕೆ ನೋಡಿ" ಅಂದವರ ಮಾತೇ ನಿಜವಾಯಿತು. ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್‌ನಲ್ಲಿ ಏನೂ ಕಾಣಲಿಲ್ಲ. ಇನ್‌ಟೇಕ್‌ಗೆ (ಎಂಜಿನ್‌ಗೆ ಗಾಳಿ ಹೋಗುವ ದಾರಿ) 15 ಪಿಎಸ್‌ಐ ಗಾಳಿ ತುಂಬಿ ಸೋಪಿನ ನೀರು ಹಚ್ಚಿದಾಗ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣ್ಣಗಾಗಿಸುವ ಭಾಗ) ಹೋಸ್‌ನ ಕೆಳಗಡೆ ಗುಳ್ಳೆ ಎದ್ದವು. ಒಂದು ಸಣ್ಣ ಸೀಳು. ಒತ್ತಡ ಕಡಿಮೆ ಇದ್ದಾಗ ಮುಚ್ಚಿಕೊಂಡಿರುತ್ತದೆ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಬಾಯಿ ಬಿಡುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ!

ಉಳಿದವರು ಹೇಳಿದಂತೆ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ತೊಳೆದಿದ್ದರಿಂದ, ಇಂಜೆಕ್ಟರ್ ಕ್ಲೀನರ್ ಹಾಕಿದ್ದರಿಂದ ಏನೂ ಬದಲಾಗಲಿಲ್ಲ. ಸ್ಪಾರ್ಕ್ ಪ್ಲಗ್ ಸಲಹೆ ಮಾತ್ರ ಅರ್ಧ ಸರಿ. ಕಿಡಿ ಹಾರುವ ಗ್ಯಾಪ್ ಸವೆದು 1.1 ಮಿ.ಮೀ. ಆಗಿತ್ತು. 0.7ರ ಹೊಸ ಪ್ಲಗ್ ಹಾಕಿದ ಮೇಲೆ ಮೇಲಿನ ಆರ್‌ಪಿಎಂನಲ್ಲಿ ಮುಗ್ಗರಿಸುವುದು ನಿಂತಿತು.

ಪವರ್ ಅಳೆಯುವ ಡೈನೊ ಯಂತ್ರದಲ್ಲಿ ಚಕ್ರಕ್ಕೆ ತಲುಪುವ ಪವರ್ ಮೊದಲು 148 ಎಚ್‌ಪಿ ಇತ್ತು. ರಿಪೇರಿ ಆದಮೇಲೆ 187. ಆಮೇಲೆ ಮಾಡಿಸಿದ ರೀಮ್ಯಾಪ್‌ನಿಂದ 221. ಸೋರಿಕೆ ಇಟ್ಟುಕೊಂಡೇ ರೀಮ್ಯಾಪ್ ಮಾಡಿಸಿದ್ದರೆ ಟರ್ಬೊ ಜಾಸ್ತಿ ಸುತ್ತಿ ಬೇಗ ಹಾಳಾಗುತ್ತಿತ್ತು ಎಂದು ಟ್ಯೂನರ್ ಹೇಳಿದರು. ತಡೆದವರಿಗೆಲ್ಲ ತುಂಬಾ ಥ್ಯಾಂಕ್ಸ್.