ಅಪ್‌ಡೇಟ್: ಅಪ್ಪನ ಜೊತೆ ನೋಡಿದ ಯುದ್ಧದ ಸಿನಿಮಾ, ಥ್ರಿಲ್ಲರ್‌ಗಳು

ರಾತ್ರಿ ಮನೆಯಲ್ಲಿ ಅಪ್ಪನ ಜೊತೆ ಕೂತು ನೋಡೋಕೆ ಯಾವ ಯುದ್ಧದ ಸಿನಿಮಾ, ಯಾವ ಥ್ರಿಲ್ಲರ್ ಒಳ್ಳೆಯದು, ಯಾವುದು ಬೇಡ ಅಂತ ಕೇಳಿದ್ದೆ. ನೀವು ಹೇಳಿದ ನಾಲ್ಕನ್ನು ನೋಡಿ ಮುಗಿಸಿದೆವು.

ಮೊದಲು 'ದಾಸ್ ಬೂಟ್' (1981). ಒಬ್ಬರು ಹೇಳಿದ ಹಾಗೆ 208 ನಿಮಿಷದ ಡೈರೆಕ್ಟರ್ಸ್ ಕಟ್ ಅನ್ನೇ (ನಿರ್ದೇಶಕರು ತಾವೇ ಸಿದ್ಧಪಡಿಸಿದ ಉದ್ದನೆಯ ಆವೃತ್ತಿ) ಹಾಕಿದೆ. ಜರ್ಮನ್ ಮಾತು, ಕೆಳಗೆ ಸಬ್‌ಟೈಟಲ್. ಜಲಾಂತರ್ಗಾಮಿ ಮಿತಿಗಿಂತ ಆಳಕ್ಕೆ ಇಳಿಯುತ್ತದೆ, ಬೋಲ್ಟ್‌ಗಳು ಗುಂಡಿನ ಹಾಗೆ ಸಿಡಿಯುತ್ತವೆ. ಬೆವರಿಳಿಯುವ ಮುಖಗಳೆಲ್ಲ ಸುಮ್ನೆ ಮೇಲೆ ನೋಡುತ್ತಿರುತ್ತವೆ. ಪಕ್ಕಕ್ಕೆ ತಿರುಗಿದರೆ ಅಪ್ಪನೂ ನಮ್ಮ ಸೀಲಿಂಗ್ ನೋಡುತ್ತಿದ್ದರು! ಚಿಕ್ಕ ಕೋಣೆ, ದೀಪ ಆರಿಸಿದ ಕತ್ತಲು, ಈ ಸಿನಿಮಾಗೆ ಇನ್ನೇನು ಬೇಕು? ಖಂಡಿತ ನೋಡಿ.

'ಡನ್‌ಕರ್ಕ್' (2017) ಮನೆಯಲ್ಲಿ ಅಷ್ಟು ಹಿಡಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಡಲ ದಡದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಪಾರು ಮಾಡುವ ಕಥೆ. ದಡದ ಮೇಲೆ ಒಂದು ವಾರ, ಸಮುದ್ರದಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ, ಮೂರನ್ನೂ ಹೆಣೆದಿದ್ದಾರೆ. ನಡುವೆ ಫೋನ್ ಬಂದರೆ ಎಳೆ ತಪ್ಪುತ್ತದೆ. ಅದು ದೊಡ್ಡ ಪರದೆಗೇ ಸರಿ ಅನ್ನಿಸಿತು.

'ವೇಟ್ ಅಂಟಿಲ್ ಡಾರ್ಕ್' (1967) ಅಮ್ಮನಿಗೂ ಇಷ್ಟವಾಯಿತು. ಕಣ್ಣು ಕಾಣದ ಹೆಂಗಸು ಮನೆಯ ಬಲ್ಬುಗಳನ್ನೆಲ್ಲ ಒಡೆಯುವಾಗ ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು.

'ಕಮ್ ಆ್ಯಂಡ್ ಸೀ' (1985) ಬಗ್ಗೆ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಅದನ್ನು ನಾನೊಬ್ಬನೇ, ಹಗಲು ಹೊತ್ತಿನಲ್ಲಿ ನೋಡಿದೆ. ಯುದ್ಧದಲ್ಲಿ ನಾಜಿಗಳ ಕ್ರೌರ್ಯವನ್ನು ಕಣ್ಣಾರೆ ಕಾಣುವ ಬೆಲರೂಸಿನ ಹುಡುಗನ ಮುಖ ಕೊನೆಗೆ ಮುದುಕನದಾಗುತ್ತದೆ, ಅಲ್ವಾ? ತುಂಬಾ ದೊಡ್ಡ ಸಿನಿಮಾ. ಆದರೆ ಮಲಗುವ ಮುಂಚೆ ಅಪ್ಪನಿಗೆ ತೋರಿಸಲು ಮನಸ್ಸು ಬರಲಿಲ್ಲ.

ಮುಂದಿನ ಶನಿವಾರಕ್ಕೆ 'ದಿ ಕಾನ್ವರ್ಸೇಷನ್' (1974) ಅನ್ನೋ ಥ್ರಿಲ್ಲರ್ ಇಟ್ಟುಕೊಂಡಿದ್ದೇವೆ.