ಹಳೆಯ ಡೆಸ್ಕ್‌ಟಾಪಿಗೆ ಎಂಟು ಸಾವಿರ: ಮೊದಲು ಯಾವುದಕ್ಕೆ ಹಾಕಬೇಕು?

ಡೊಂಬಿವಲಿಯಿಂದ (ಪ್ರಶ್ನೆ)

ನಮ್ಮ ಮನೆಯ ಡೆಸ್ಕ್‌ಟಾಪ್ 2014ರಲ್ಲಿ ಕೊಂಡದ್ದು. ಐ5-4570 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸಂಘದ ಸ್ಮರಣ ಸಂಚಿಕೆಗಳಿಗಾಗಿ ನಮ್ಮ ಯಜಮಾನರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತಗಳೆಲ್ಲ ಅದರಲ್ಲಿವೆ. ಮಗಳು ಅದರಲ್ಲಿಯೇ ವಿಡಿಯೊ ಪಾಠ ನೋಡುತ್ತಾಳೆ. ಈಗ ಬ್ರೌಸರಿನಲ್ಲಿ ಮೂರು ಪುಟ ತೆರೆದರೆ ಯಂತ್ರವೇ ಸ್ತಬ್ಧವಾಗುತ್ತದೆ. ಎಂಟು ಸಾವಿರ ರೂಪಾಯಿಯೊಳಗೆ ಏನು ಹಾಕಿಸಿದರೆ ಇನ್ನೆರಡು ವರ್ಷ ದೂಡಬಹುದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮುಲುಂಡಿನಿಂದ

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಿಂದಾದ ವೇಗದ ಡಿಸ್ಕು) ಹಾಕಿಸಿ, ಉಳಿದ ಹಣವನ್ನು ಬ್ಯಾಂಕಿನಲ್ಲಿಡಿ. ನನ್ನದೂ ನಾಲ್ಕನೇ ತಲೆಮಾರಿನ ಯಂತ್ರವೇ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಚೌಕಾಸಿ ಮಾಡುತ್ತ ಹೋಗಿ, 500 ಜಿಬಿಯ ಸಾಟಾ ಎಸ್‌ಎಸ್‌ಡಿಯನ್ನು 2,950 ರೂಪಾಯಿಗೆ ತಂದೆ. ಅದನ್ನು ಕೂರಿಸುವ ಚೌಕಟ್ಟಿಗೆ 120, ಕೇಬಲಿಗೆ 90. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಇದಕ್ಕೆ ಇಳಿಸಿಕೊಡಲು ನಮ್ಮ ಕಟ್ಟಡದ ಕೆಳಗಿನ ರಿಪೇರಿಯವನು 500 ತೆಗೆದುಕೊಂಡ. ಒಟ್ಟು 3,660.

ಆ ಪುಣ್ಯಾತ್ಮ ಮಾಡಿದ ಕೆಲಸ ಕೇಳಿ. ಎಚ್81ರಲ್ಲಿ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟುಗಳಿದ್ದರೂ ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಉಳಿದೆರಡು 3 ಗಿಗಾಬಿಟ್‌ನವು. ಅವನು ಕೈಗೆ ಸಿಕ್ಕ ಪೋರ್ಟಿಗೆ ಚುಚ್ಚಿ ಹೋಗಿದ್ದ. ವೇಗ ಅಳೆದು ನೋಡಿದರೆ ಸೆಕೆಂಡಿಗೆ 270 ಎಂಬಿಯ ಮೇಲೆ ಏರುತ್ತಿರಲಿಲ್ಲ. ನಾನೇ ಪೆಟ್ಟಿಗೆ ಬಿಚ್ಚಿ, ಬೋರ್ಡಿನ ಮೇಲೆ ಸಣ್ಣದಾಗಿ ಮುದ್ರಿಸಿರುವುದನ್ನು ಟಾರ್ಚ್ ಹಿಡಿದು ಓದಿ, ಪಕ್ಕದ ಪೋರ್ಟಿಗೆ ಬದಲಾಯಿಸಿದ ಮೇಲೆ 530 ಬಂತು. ಅಂಗಡಿಯವರು ಎನ್‌ವಿಎಂಇ ಎಂಬ ಇನ್ನೂ ವೇಗದ ಡ್ರೈವನ್ನು ಅಡಾಪ್ಟರಿನೊಡನೆ ಮಾರಲು ನೋಡುತ್ತಾರೆ, ಮರುಳಾಗಬೇಡಿ. ಈ ಕಾಲದ ಬೋರ್ಡುಗಳ ಬಯೋಸಿಗೆ (ಯಂತ್ರವನ್ನು ಶುರುಮಾಡುವ ತಂತ್ರಾಂಶಕ್ಕೆ) ಸಾಮಾನ್ಯವಾಗಿ ಅದರಿಂದ ವಿಂಡೋಸ್ ಶುರುಮಾಡಲು ಬರುವುದಿಲ್ಲ. ರ‍್ಯಾಮ್ ಗೀಮ್ ಏನೂ ಬೇಡ.

ಪುಣೆ, ಕೊಥ್ರೂಡಿನಿಂದ

ಮುಲುಂಡಿನವರು "ರ‍್ಯಾಮ್ ಏನೂ ಬೇಡ" ಎಂದು ಬರೆದಿರುವುದು ಅಪ್ಪಟ ತಪ್ಪು ಸಲಹೆ. 4 ಜಿಬಿಯಲ್ಲಿ ಇಂದಿನ ಬ್ರೌಸರ್ ತುಂಬಿಹೋದಾಗ ವಿಂಡೋಸ್ ಹೆಚ್ಚಿನದನ್ನೆಲ್ಲ ಡಿಸ್ಕಿಗೆ ತಳ್ಳುತ್ತದೆ. ಎಸ್‌ಎಸ್‌ಡಿ ಹಾಕಿದರೆ ಆ ತಳ್ಳಾಟ ಬೇಗ ಆಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ನನಗಾದ ಅನ್ಯಾಯವನ್ನು ವಿವರವಾಗಿಯೇ ಹೇಳುತ್ತೇನೆ, ಬೇರೆಯವರಾದರೂ ಉಳಿಯಲಿ. ಆನ್‌ಲೈನಿನಲ್ಲಿ ಹೊಚ್ಚ ಹೊಸ 8 ಜಿಬಿ ಡಿಡಿಆರ್3 ರ‍್ಯಾಮ್ ಪಟ್ಟಿ 1,150 ರೂಪಾಯಿಗೆ ಎಂದಿತ್ತು. ತರಿಸಿ ಹಾಕಿದರೆ ಪರದೆ ಕಪ್ಪು, ಬೀಪ್ ಮಾತ್ರ. ಆಮೇಲೆ ತಿಳಿದದ್ದೇನೆಂದರೆ ಅದು ಎಎಂಡಿ ಬೋರ್ಡುಗಳಿಗೆ ಮಾತ್ರ ಹೊಂದುವ ಪಟ್ಟಿ. ಅದರಲ್ಲಿರುವ 4 ಬಿಟ್ ಅಗಲದ ಚಿಪ್ಪುಗಳನ್ನು ನಮ್ಮ ಇಂಟೆಲ್ ಡೆಸ್ಕ್‌ಟಾಪುಗಳ ಮೆಮೊರಿ ನಿಯಂತ್ರಕವು ಗುರುತಿಸುವುದೇ ಇಲ್ಲ. ಈ ಸಂಗತಿಯನ್ನು ಮಾರಾಟದ ಪುಟದ ತಳದಲ್ಲಿ, ಬಣ್ಣ ಮತ್ತು ತೂಕದ ವಿವರಗಳ ನಡುವೆ ಹುದುಗಿಸಿದ್ದರು. ಹಿಂದಿರುಗಿಸಿದಾಗ ಕೊರಿಯರಿಗೆಂದು 160, ನಿರ್ವಹಣೆಗೆಂದು 230 ಮುರಿದುಕೊಂಡರು. ಕೊನೆಗೆ ತಾಪ್ಕೀರ್ ಗಲ್ಲಿಯ ಒಬ್ಬರು ಬಳಸಿದ 8 ಜಿಬಿಯ ಎರಡು ಪಟ್ಟಿಗಳನ್ನು ನನ್ನ ಎದುರಿಗೇ ಪರೀಕ್ಷಿಸಿ 1,900ಕ್ಕೆ ಕೊಟ್ಟರು. ಸೇರಿಸಿ ನೋಡಿ, 2,290. ಎಚ್81ರಲ್ಲಿ ಎರಡೇ ಸ್ಲಾಟು, 16 ಜಿಬಿಯೇ ಗರಿಷ್ಠ. ಅದನ್ನು ಪೂರ್ತಿ ತುಂಬಿಸಿದ್ದೇನೆ. ಒಂದೇ ಬಗೆಯ ಜೋಡಿಯಾದ್ದರಿಂದ ಮೆಮೊರಿಯ ಎರಡು ಚಾನೆಲುಗಳೂ (ದಾರಿಗಳೂ) ಕೆಲಸ ಮಾಡುತ್ತವೆ.

ಮುಲುಂಡಿನಿಂದ

ಬಳಸಿದ ರ‍್ಯಾಮನ್ನು ಬಿಲ್ಲಿಲ್ಲದೆ ಗಲ್ಲಿಯಲ್ಲಿ ಕೊಂಡು ಅದನ್ನು ಸಾಧನೆ ಎಂಬಂತೆ ಬರೆಯುವವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ಹಾರ್ಡ್ ಡಿಸ್ಕನ್ನು ಹಾಗೆಯೇ ಬಿಟ್ಟು 16 ಜಿಬಿ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಂತ್ರ ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತಾವು ಬರೆಯಲೇ ಇಲ್ಲ, ಏಕೆ?

ವಾಸ್ಕೊದಿಂದ

ಇಬ್ಬರೂ ಒಳ್ಳೆಯ ಹವೆಯಲ್ಲಿದ್ದೀರಿ, ಅದಕ್ಕೇ ಇಷ್ಟು ಮಾತು. ಗೋವೆಯಲ್ಲಿ ಜೂನ್ ಬಂತೆಂದರೆ ಉಪ್ಪುಗಾಳಿ ಮತ್ತು ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗಿ, ಯಂತ್ರ ಒಂದು ಬೆಳಿಗ್ಗೆ ಏಳುವುದೇ ಇಲ್ಲ. ಪಟ್ಟಿ ತೆಗೆದು, ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಕುಂಚದಿಂದ ಕೊಡವಿ ಮತ್ತೆ ಕೂರಿಸಿದರೆ ಎದ್ದು ಕುಳಿತುಕೊಳ್ಳುತ್ತದೆ. ಹೊಸ ಭಾಗ ಕೊಳ್ಳುವ ಮೊದಲು ಇದನ್ನು ಮಾಡಿ, ಖರ್ಚು ಐದು ರೂಪಾಯಿ.

ನಾನು ಕೈ ಸುಟ್ಟುಕೊಂಡದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಪ್ರೊಸೆಸರಿನೊಳಗಿನ ಎಚ್‌ಡಿ 4600 ಗ್ರಾಫಿಕ್ಸಿಗೆ ವಿಪಿ9 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೊವನ್ನು ಪೂರ್ತಿ ಬಿಡಿಸುವ ಯಂತ್ರಾಂಶವಿಲ್ಲ, ಹಾಗಾಗಿ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಮಗನಿಗೆ ಆಟಗಳೂ ಬೇಕಾಗಿದ್ದವು. ಜಿಟಿ 1030 ಎಂಬ ಕಾರ್ಡ್ ಬರೀ 30 ವ್ಯಾಟ್ ಬಳಸುತ್ತದೆ, ಬೇರೆ ವಿದ್ಯುತ್ ತಂತಿ ಬೇಡ ಎಂದು ಹೇಳಿ ಮಡಗಾಂವಿನ ಒಬ್ಬ ಅಂಗಡಿಯವನು 5,350ಕ್ಕೆ ಕೊಟ್ಟ. ಅದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ ಎಂಬುದನ್ನು ಅವನು ಬಾಯಿ ಬಿಡಲಿಲ್ಲ. 2017ರಲ್ಲಿ ಬಂದದ್ದರ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. 2018ರಲ್ಲಿ ಅದೇ ಹೆಸರಿನಲ್ಲಿ ಇಳಿಸಿದ ಡಿಡಿಆರ್4 ಕಾರ್ಡಿಗೆ 16.8 ಮಾತ್ರ. ನನ್ನ ಕೈಗೆ ಬಂದದ್ದು ಎರಡನೆಯದು. 3,000ಕ್ಕೆ ಮಾರಿ, ಸರಿಯಾದದ್ದನ್ನು 6,800 ಕೊಟ್ಟು ತರಿಸಿದೆ. ಅಂದರೆ ಒಂದು ಕಾರ್ಡಿಗೆ 9,150 ತೆತ್ತಂತಾಯಿತು.

ಚೆಂಬೂರಿನಿಂದ

ಪ್ರಶ್ನೆ ಕೇಳಿದವರು ಆಟದ ಮಾತನ್ನೇ ಎತ್ತಿಲ್ಲ. ಪಾಠದ ವಿಡಿಯೊ ಬಿಡಿಸಲು ಆ ಎರಡು ಕಾರ್ಡುಗಳಲ್ಲಿ ಯಾವುದಾದರೂ ಸಾಕು, ಹಾಗೆ ನೋಡಿದರೆ ಕಾರ್ಡೇ ಬೇಡ, ಗುಣಮಟ್ಟವನ್ನು 720ಕ್ಕೆ ಇಳಿಸಿದರೆ ಆಯಿತು. ನಿಜವಾದ ತೊಂದರೆ ಯಾರ ಕಣ್ಣಿಗೂ ಬಿದ್ದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಸಿಗುತ್ತದೆ ಎಂದು ಪ್ರಕಟಿಸಿದ್ದರು, ಅಷ್ಟೇ. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ನಾನು ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಂಡೆ, ಖರ್ಚು ಸೊನ್ನೆ. ಕನ್ನಡಕ್ಕೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಅದರಲ್ಲಿ ಸಿಗುತ್ತದೆ.

ವಾಸ್ಕೊದಿಂದ

ಸೊನ್ನೆ ಖರ್ಚಿನವರಿಗೆ ಸಂಚಿಕೆಯ ಹಳೆಯ ಕಡತಗಳ ಚಿಂತೆ ಇಲ್ಲ. ನುಡಿ 01 ಇ ಫಾಂಟಿನಲ್ಲಿ ಮಾಡಿದ್ದು ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟುಗಳಿಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ಕಾಣುತ್ತದೆ.

ಚೆಂಬೂರಿನಿಂದ

ಫಾಂಟನ್ನು ಲಿನಕ್ಸಿಗೂ ಹಾಕಿಕೊಳ್ಳಬಹುದು ಎಂಬುದು ತಿಳಿಯದೆ ಹೀಗೆ ಹೆದರಿಸಬಾರದು. ಒಂಬತ್ತು ಸಾವಿರವನ್ನು ಆಟದ ಕಾರ್ಡಿಗೆ ಸುರಿದವರು ನನ್ನ ಸೊನ್ನೆಯನ್ನು ಹಂಗಿಸುವುದು ಶೋಭಿಸುವುದಿಲ್ಲ.

ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಡಿಯನ್ನೂ ರ‍್ಯಾಮನ್ನೂ ಸೇರಿಸಿದರೆ ನಿಮ್ಮ ಲೆಕ್ಕದಂತೆ ಆರು ಸಾವಿರದೊಳಗೆ ಮುಗಿಯುತ್ತದೆ. ಎರಡನ್ನೂ ಮಾಡಿಸುತ್ತೇವೆ. ನುಡಿ ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೇವೆ, ಫಾಂಟುಗಳ ಸಮೇತ. ಕೊಥ್ರೂಡಿನವರೇ, ಆ ಬಳಸಿದ ಪಟ್ಟಿಗಳಿಗೆ ಅಂಗಡಿಯವರು ಎಷ್ಟು ತಿಂಗಳ ಖಾತರಿ ಕೊಟ್ಟಿದ್ದರು?

ಪುಣೆ, ಕೊಥ್ರೂಡಿನಿಂದ

ಒಂದು ತಿಂಗಳು, ಬಾಯಿಮಾತಿನದು. ಮುಲುಂಡಿನವರು ಈಗ ಮತ್ತೆ ಬಿಲ್ಲಿನ ಮಾತು ಎತ್ತುತ್ತಾರೆಂದು ಗೊತ್ತು. ಅವರ ಕಟ್ಟಡದ ಕೆಳಗಿನವನು 500 ರೂಪಾಯಿಗೆ ಬಿಲ್ಲು ಕೊಟ್ಟಿದ್ದನೇ ಎಂಬುದನ್ನು ಮೊದಲು ತಿಳಿಸಲಿ.